ಟಚಿಂಗ್ ಬೇಡ

ಉಪ್ಪಳದ ರೈಲ್ವೇ ಗೇಟಿನ ಹತ್ತಿರ ನನ್ನ ಸ್ಟುಡಿಯೋ,
ನೆಗೆಟಿವಿನ ಕಾಲದಿಂದಲೂ ಉಂಟು.
ಬೋರ್ಡಿನ ಮಲಯಾಳ ಹೊಸತು, ಕನ್ನಡ ಮಾಸಿದೆ,
ಅದರ ಕೆಳಗೆ ಸಣ್ಣಕ್ಷರ:
ಮುಖ ಬೆಳ್ಳಗೆ ಮಾಡಿಕೊಡಲಾಗುವುದು.

ಎಷ್ಟು ಮದುಮಗಳಂದಿರು ಹಾದುಹೋದರು ಈ ಕೈಯಲ್ಲಿ!
ದುಬಾಯಿಗೊಂದು ಪ್ರತಿ, ಮುಂಬಯಿಗೊಂದು,
ಕೆನ್ನೆ ತಿಳಿ, ಹಣೆ ತಿಳಿ, ಕತ್ತು ಮಾತ್ರ
ಕೆಲವೊಮ್ಮೆ ಮರೆತುಹೋಗಿ ಹಾಗೇ ಉಳಿಯುತ್ತಿತ್ತು.

ಒಂದು ಮಂಗಳವಾರ ಬಂದರು ಇಬ್ಬರು.
ಬದಿಯಡ್ಕ ಕಡೆಯ ಪೂರ್ಣಿಮೆ, ಕೊರಗರ ಹುಡುಗಿ,
ಅಜ್ಜಿ ಬುಟ್ಟಿ ನೇಯುತ್ತಿದ್ದ ಕಾಡುಬಳ್ಳಿಯಲ್ಲೇ
ಮನುಷ್ಯರ ತಲೆ ನೇಯುತ್ತಾಳೆ.
ಜೊತೆಗೆ ಹಳಿಯಾಳದ ರೊಜಿನ್, ಸಿದ್ದಿ,
ಕಂಕುಳಲ್ಲಿ ತಾನೇ ಹೊಲಿದ ಕೌದಿ.
ಕಾಸರಗೋಡಿನಲ್ಲಿ ಪ್ರದರ್ಶನವಂತೆ, ಆಮಂತ್ರಣಕ್ಕೊಂದು ಫೋಟೋ.
"ಟಚಿಂಗ್ ಬೇಡ," ಎಂದಳು ಪೂರ್ಣಿಮೆ
ಸ್ಟೂಲಿನ ಮೇಲೆ ಕೂರುವ ಮೊದಲೇ.

ತೆಗೆದೆ. ನೋಡಿದರೆ
ಎರಡು ಸೀರೆ, ನಾಲ್ಕು ಕಣ್ಣು, ಒಂದಿಷ್ಟು ಹಲ್ಲು.
ಮುಖಗಳು ಎಲ್ಲಿ ಹೋದವು?
ಮೂವತ್ತನಾಲ್ಕು ವರ್ಷದ ಸರ್ವಿಸು, ಮಾರಾಯ್ರೆ,
ಕಪ್ಪನ್ನು ಅಳಿಸಲು ಬರುತ್ತಿತ್ತು, ತೆಗೆಯಲು ಕಲಿತಿರಲಿಲ್ಲ.

ಹಿಂದಿನ ಬಿಳಿ ಪರದೆ ಇಳಿಸಿದೆ.
ರೊಜಿನಳ ಕೌದಿ ತೂಗಿಸಿದೆ, ಮೂಲೆಗೆ ಹೊಲಿದ ಹೂ ಕಾಣುವಂತೆ.
ಪಡುಬದಿಯ ಕಿಟಕಿ, ಎಷ್ಟೋ ವರ್ಷ ತೆರೆಯದ್ದು,
ಸುತ್ತಿಗೆಯಲ್ಲಿ ಬಡಿದು ಬಿಡಿಸಬೇಕಾಯಿತು.
ಬಿಸಿಲು ಬಾಗಲಿ ಎಂದು ಕಾಯುತ್ತಾ
ಚಹಾ ತರಿಸಿದೆ. ಮಾತು ಅಲ್ಲಿಂದ.

"ಹೆಸರು ಪೂರ್ಣಿಮೆ, ಬಣ್ಣ ಅಮಾಸೆ, ಅಂತ ಶಾಲೆಯಲ್ಲಿ ನಗುತ್ತಿದ್ದರು.
ಏಳನೇ ಕ್ಲಾಸಿನಲ್ಲಿ ಪೌಡರಿನ ಒಂದಿಡೀ ಡಬ್ಬ ಮುಗಿಸಿದ್ದೆ.
ಮೊದಲ ತಲೆ ನೇಯುವಾಗ ಬಳ್ಳಿಯ ಸಿಪ್ಪೆ ಹೆರೆಯಲು ಹೋದೆ,
ಬೆಳ್ಳಗೆ ಕಾಣಲಿ ಅಂತ. ಕೈ ನಿಂತಿತು.
ಇದು ನನ್ನದೇ ತಲೆ ಅಲ್ಲವಾ, ಯಾಕೆ ಹೆರೆಯಬೇಕು?"

"ನನ್ನ ನೋಡಿದ್ಕೂಡ್ಲೇ ಇಂಗ್ಲೀಷ್ ಮಾತಾಡ್ತಾರ," ಅಂದಳು ರೊಜಿನ್,
"ಕನ್ನಡ ಬರ್ತದ ಅಂದ್ರ ನಂಬಂಗಿಲ್ಲ.
ಮುತ್ತಜ್ಜ ಹಡಗದಾಗ ಬಂದನಂತ, ಊರು ಯಾವ್ದೋ,
ಹೆಸರು ಯಾರೂ ಉಳಿಸಿಲ್ಲ.
ಅದಕ್ಕ ಪ್ರತಿ ಕೌದ್ಯಾಗ ಒಂದು ತೇಪಿ ಊರಿಗಂತ ಹಾಕ್ತೀನಿ.
ಯಾವ್ದು ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ."

ನನಗೂ ಕೇಳುತ್ತಾರೆ, ಎಂದೆ ನಾನು,
ತಾಲೂಕು ಕಚೇರಿಯಲ್ಲಿ, ನೀವು ಯಾವ ಕಡೆಯವರು ಎಂದು.
ನನ್ನ ಹಿತ್ತಿಲು ಕಚೇರಿಯ ಬೆನ್ನಿಗೇ ಉಂಟು.
ಮೂವರೂ ನಕ್ಕೆವು, ಯಾರಿಗೆ ಹೆಚ್ಚು ನಗು ಬಂತೋ ತಿಳಿಯದು.

ಹಳೆಯ ಪೆಟ್ಟಿಗೆ ತೋರಿಸಿದೆ.
ರೊಜಿನ್ ಒಂದು ನೆಗೆಟಿವ್ ಕಿಟಕಿಗೆ ಹಿಡಿದಳು:
"ಅಲ್ರೀ, ಬೆಳ್ಳಗಿದ್ದೋರೆಲ್ಲ ಇದ್ರಾಗ ನಮ್ಮಂಗ ಕರ್‍ರಗ!"
ಹೌದು, ಎಂದೆ, ಮುಖ ಬೆಳ್ಳಗೆ ಬರಬೇಕಾದರೆ
ಇದರ ಮೇಲೆ ಸೀಸದ ಪೆನ್ಸಿಲಿನ ಕರಿ ತೀಡಬೇಕು.
ಹೇಳಿ ಮುಗಿಸಿದ ಮೇಲೆ
ನನ್ನ ಮಾತು ನನಗೇ ಕೇಳಿಸಿತು.

ನಾಲ್ಕೂವರೆಯ ಹೊತ್ತಿಗೆ ಬೆಳಕು ಒಳಗೆ ಬಂದು
ಪೂರ್ಣಿಮೆಯ ಕೆನ್ನೆಯ ಮೇಲೆ ಕುಳಿತಿತು,
ಕಪ್ಪಿನಲ್ಲಿ ಎಷ್ಟೊಂದು ಕಪ್ಪು,
ತುಸು ನೇರಳೆ, ತುಸು ಸುಟ್ಟ ಬೆಲ್ಲ, ಹುಬ್ಬಿನ ಬಳಿ ನೀಲಿ.
ರೈಲು ಹಾದು ಸ್ಟೂಲು ನಡುಗಿತು. ಆಗ ಒತ್ತಿದೆ.

ದುಡ್ಡಿಗೆ ಮಾತ್ರ ಚೌಕಾಸಿ ಮಾಡಿದರು ಇಬ್ಬರೂ, ಬಿಡಲಿಲ್ಲ.

ರಾತ್ರಿ ನನ್ನ ಮದುವೆಯ ನೆಗೆಟಿವ್ ಹುಡುಕಿದೆ.
ಹತ್ತಿಗೆ ಟರ್ಪೆಂಟೈನ್ ಹಚ್ಚಿ, ಮುಖದ ಮೇಲಿನ ಸೀಸ
ಮೆಲ್ಲ ಒರೆಸಿದೆ. ನಾನೇ ತೀಡಿದ್ದು,
ಮಾವನ ಮನೆಯ ಗೋಡೆಗೆಂದು.
ಪ್ರಿಂಟು ಹಾಕಿ ಹೆಂಡತಿಗೆ ಕೊಟ್ಟರೆ
ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.
"ಇವರ ಗುರ್ತ ಉಂಟು ನನಗೆ," ಎಂದಳು.

ಬೋರ್ಡಿನ ಸಣ್ಣಕ್ಷರ ಇನ್ನೂ ಇದೆ.
ಏಣಿ ಕೇಳಿದ್ದೇನೆ ಪಕ್ಕದ ಪೈಂಟರಿನವನ ಹತ್ತಿರ.